ಮುಂಜಾನೆ ಮಾತ್ರ ಮಾತಾಡುತ್ತಿದ್ದ ಬಾವಿ

ಹೆರಿಗೆ ಆಸ್ಪತ್ರೆಯ ಸಿಸ್ಟರು ಖಾಲಿ ಬಕೆಟ್ಟೊಂದನ್ನು ತಂದು ನನ್ನ ಮೇಜಿನ ಮೇಲೆ, ಹರವಿಟ್ಟಿದ್ದ ನಕ್ಷೆಯ ನಟ್ಟನಡುವೆ, ಠಣ್ಣೆಂದು ಇಟ್ಟರು. ನನ್ನ ಪೆನ್ಸಿಲ್ಲು ಉರುಳಿ ಕೆಳಗೆ ಬಿತ್ತು.

“ಇದರಾಗ ಎಷ್ಟು ನೀರು ಐತಿ, ಅಳದು ಹೇಳ್ರಿ ಸಾಹೇಬ್ರ. ನೀವು ಇಂಜಿನಿಯರು. ನನಗಿಂತ ಚೊಲೊ ಅಳೀತೀರಿ.”

ಬಕೆಟ್ಟಿನ ತಳದಲ್ಲಿ ಒಂದಿಷ್ಟು ತುಕ್ಕಿನ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಮುಂಜಾನೆಯಿಂದ ಅದನ್ನು ನಳದ ಕೆಳಗೆ ಇಟ್ಟಿದ್ದರಂತೆ. ನಳ ಒಂದಿಷ್ಟು ಗಾಳಿ ಊದಿ, ಆ ಪುಡಿ ಉಗುಳಿ, ಸುಮ್ಮನಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ನಳದ ನೀರಿನ ಉಸಾಬರಿ ನನ್ನ ಕುತ್ತಿಗೆಗೆ ಬಿದ್ದಿತ್ತು. ನಾನು ಹೇಳುತ್ತಿರುವುದು ಆ ನಾಲ್ಕರಲ್ಲಿ ಒಂದು ಊರಿನ ಸಂಗತಿ. ಯಾವುದೆಂದು ಹೇಳುವುದಿಲ್ಲ. ಆ ಊರಿನವರು ಈಗಲೂ ನನ್ನನ್ನು ಕರೆದು ಮಿರ್ಚಿ, ಚುರಮರಿ ತಿನ್ನಿಸುತ್ತಾರೆ. ಅದು ತಪ್ಪುವುದು ಬೇಡ.

ಹೆರಿಗೆ ಆಸ್ಪತ್ರೆ ಇದ್ದದ್ದು ಊರಿನ ಎತ್ತರದ ಓಣಿಯಲ್ಲಿ. ಜಿಲ್ಲೆಯ ದೊಡ್ಡ ಡಾಕ್ಟರು ಬಂದು ನೋಡಿ, ನೀರಿಲ್ಲದ ಕಡೆ ಹೆರಿಗೆ ಮಾಡಿಸುವುದು ಬೇಡ, ಮಳೆಗಾಲ ಹಿಡಿಯುವುದರೊಳಗೆ ನಳದಲ್ಲಿ ನೀರು ಬಾರದಿದ್ದರೆ ವಾರ್ಡು ಮುಚ್ಚಿ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಹೇಳಿ ಹೋಗಿದ್ದರು.

“ಮನ್ನೆ ಒಬ್ಬಾಕಿ ಯರಗಟ್ಟಿ ರಸ್ತೇದಾಗ, ಬಸ್ಸಿನ್ಯಾಗ ಹಡದಾಳ್ರಿ,” ಎಂದರು ಸಿಸ್ಟರು. ದನಿ ಇಳಿದಿತ್ತು. “ಇಲ್ಲಿ ನೀರಿಲ್ಲ, ಮುಂದಿನ ಊರಿಗೆ ಹೋಗ ಅಂತ ನಾನ ಕಳಿಸಿದ್ದೆ. ತಾಯಿ ಉಳದಾಳ. ಕೂಸು ಉಳೀಲಿಲ್ಲ. ವಾರ್ಡ ಮುಚ್ಚಿದ್ರ ಸುತ್ತ ಹಳ್ಳಿ ಹೆಣ್ಣಮಕ್ಕಳೆಲ್ಲ ಬಸ್ಸಿನ್ಯಾಗ ಹಡೀಬೇಕಾಗತೈತಿ. ಅಷ್ಟ ಹೇಳಾಕ ಬಂದಿದ್ದೆ.”

ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದರು.

ನನಗೆ ತಲೆಬುಡ ತಿಳಿಯದೆ ಇದ್ದದ್ದು ಏನೆಂದರೆ, ಊರಿಗೆ ನೀರು ಕಮ್ಮಿ ಇರಲಿಲ್ಲ. ನವಿಲುತೀರ್ಥದ ಅಣೆಕಟ್ಟು ಬಂದ ಮೇಲೆ ಮಲಪ್ರಭೆಯಲ್ಲಿ ನೀರಿಗೆ ಬರ ಇರಲಿಲ್ಲ. ಪಂಪು ಓಡುತ್ತಿತ್ತು, ಊರ ಮೇಲಿನ ನೀರಿನ ಟಾಕಿ ತುಂಬುತ್ತಿತ್ತು. ಮುಂಜಾನೆ ನೀರು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಟಾಕಿ ಖಾಲಿ. ಮನೆಮನೆಗೆ ಹೋದ ನೀರನ್ನೆಲ್ಲ ಕೂಡಿಸಿದರೂ ಟಾಕಿಯ ಅರ್ಧಕ್ಕೆ ಬರುತ್ತಿರಲಿಲ್ಲ. ಉಳಿದದ್ದು ಎಲ್ಲಿ?

“ಎಲ್ಲಾ ಕಡೆ ಸೋರತೈತ್ರಿ,” ಎಂದರು ನಮ್ಮ ಓವರಸೀಯರು. ಆ ಊರಿನವರೇ, ನನಗಿಂತ ಹಿರಿಯರು, ಬಾಯಲ್ಲಿ ಸದಾ ಎಲೆಯಡಿಕೆ. “ಹಳೇ ಬೀಡುಕಬ್ಬಿಣದ ಪೈಪು. ಜಾಯಿಂಟಿಗೊಂದು ಕಣ್ಣೀರು.”

ಊರಿನ ಪೈಪುಗಳೆಲ್ಲವನ್ನೂ ಅಗೆದು ನೋಡಲು ನಮ್ಮಲ್ಲಿ ಆಳೂ ಇರಲಿಲ್ಲ, ಸಮಯವೂ ಇರಲಿಲ್ಲ. ಆಗ ನನಗೆ ನೆನಪಾದವರು ಕಾಲೇಜಿನಲ್ಲಿ ಪಾಠ ಹೇಳಿದ್ದ ಗುರುಗಳು. ಅವರು ಆಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿದ್ದರು. ಅಲ್ಲೊಂದು ಗಣಕಯಂತ್ರ ಇತ್ತು, ದೊಡ್ಡ ಕೋಣೆಯನ್ನೇ ತುಂಬಿಕೊಂಡು. ಊರಿನ ಪೈಪುಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಒಂದು ಮೂಲೆಗೆ ನೀರು ಎರಡು ಮೂರು ದಾರಿಯಿಂದ ಬರುತ್ತದೆ. ಯಾವ ದಾರಿಯಲ್ಲಿ ಎಷ್ಟು ಬರುತ್ತದೆಂದು ಮೊದಲು ಊಹಿಸಬೇಕು, ಲೆಕ್ಕ ಹಾಕಬೇಕು, ತಪ್ಪು ಕಂಡಷ್ಟು ಊಹೆಯನ್ನು ತಿದ್ದಬೇಕು, ಮತ್ತೆ ಲೆಕ್ಕ ಹಾಕಬೇಕು. ಕೈಯಿಂದ ಮಾಡಿದರೆ ವಾರಗಟ್ಟಲೆ ಹಿಡಿಯುವ ಈ ಕೆಲಸವನ್ನು ಯಂತ್ರ ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತದೆ ಎಂದು ಗುರುಗಳು ಪತ್ರ ಬರೆದರು. ಅಂದರೆ ಊರನ್ನೇ ಅಂಕಿಗಳಲ್ಲಿ ಕಟ್ಟಿ ಯಂತ್ರದೊಳಗೆ ಇಟ್ಟು ನೀರು ಹರಿಸಿ ನೋಡುವುದು. ಪತ್ರದ ಜೊತೆ ಮಾದರಿಗೆಂದು ತೂತು ಹೊಡೆದ ಒಂದು ಕಾರ್ಡನ್ನೂ ಇಟ್ಟಿದ್ದರು. ಯಂತ್ರ ಅಂಕಿಗಳನ್ನು ಓದುವುದು ಆ ತೂತುಗಳಿಂದಲೇ.

ಓವರಸೀಯರು ಕಾರ್ಡನ್ನು ಬೆಳಕಿಗೆ ಹಿಡಿದು ಒಂದು ತೂತಿನಿಂದ ನನ್ನನ್ನೇ ನೋಡಿದರು. “ಇದು ಯಾವ ನಮೂನಿ ಇಸ್ಪೇಟ್ರಿ? ಸೋರೋದನ್ನ ನಿಲ್ಲಿಸಾಕ ಹೊಂಟು, ತೂತು ಬಿದ್ದದ್ದನ್ನ ತಂದೀರಲ್ಲ!”

ಅಂದರೂ ನನ್ನ ಜೊತೆ ಬಿಸಿಲಲ್ಲಿ ಓಣಿ ಓಣಿ ಸುತ್ತಿದವರು ಅವರೇ. ಸರಪಳಿ ಹಿಡಿದು ಪೈಪಿನ ಉದ್ದ ಅಳೆದೆವು. ಪೈಪುಗಳು ಕೂಡುವ ಜಾಗಕ್ಕೆ ‘ಗಂಟು’ ಎಂದು ಹೆಸರಿಟ್ಟು, ಪ್ರತಿ ಗಂಟಿಗೆ ಒಂದು ನಂಬರು ಕೊಟ್ಟು, ಅದರ ನೆಲ ಎಷ್ಟು ಎತ್ತರದಲ್ಲಿದೆ, ಅಲ್ಲಿಂದ ಎಷ್ಟು ಮನೆ ನೀರು ಕುಡಿಯುತ್ತವೆ ಎಂದು ಬರೆದೆವು. ಮುಂಜಾನೆ ನೀರು ಬಿಟ್ಟಾಗ ಕೆಲವು ನಳಗಳಿಗೆ ಒತ್ತಡ ಅಳೆಯುವ ಗೇಜು ಹಚ್ಚಿ ನೋಡಿದೆವು. ಕೊಡ ಹಿಡಿದು ಕಾಯುತ್ತಿದ್ದ ಹೆಣ್ಣುಮಕ್ಕಳು ನಮ್ಮನ್ನು ಸುಮ್ಮನೆ ಬಿಡಲಿಲ್ಲ. “ನಳಕ್ಕ ಜ್ವರ ಬಂದೈತೇನ್ರಿ ಡಾಕ್ಟರ?” ಎಂದು ಒಬ್ಬಾಕೆ ಕೇಳಿದರೆ, “ಬರೇ ಥರ್ಮಾಮೀಟರ ಹಚ್ಚತಾರವಾ, ಔಷಧ ಕೊಡಂಗಿಲ್ಲ,” ಎಂದು ಇನ್ನೊಬ್ಬಾಕೆ. ಹೆರಿಗೆ ಆಸ್ಪತ್ರೆಯ ನಳಕ್ಕೆ ಹಚ್ಚಿದಾಗ ಮುಳ್ಳು ಸೊನ್ನೆಯಿಂದ ಅಲುಗಲೇ ಇಲ್ಲ.

ನಾನು ಬೆಂಗಳೂರಿಗೆ ಹೋದೆ. ಗುರುಗಳೂ ನಾನೂ ಕೂತು ಎಲ್ಲ ಅಂಕಿಗಳನ್ನು ಕಾರ್ಡಿಗೆ ಇಳಿಸಿದೆವು. ಒಂದು ಪೈಪಿಗೆ ಒಂದು ಕಾರ್ಡು. ಮೊದಲ ಸಲ ಯಂತ್ರ ಉಗುಳಿದ ಕಾಗದ ನೋಡಿ ನನಗೆ ತಲೆ ಸುತ್ತಿತು. ಅಂಕಿಗಳು ಹುಚ್ಚು ಹಿಡಿದ ಹಾಗೆ ಬೆಳೆದಿದ್ದವು. ಹುಡುಕಿದರೆ, ಕಾರ್ಡು ಹೊಡೆಯುವಾಗ ಚುಕ್ಕಿ ಜಾಗ ತಪ್ಪಿ, ನಮ್ಮ ಪೇಟೆ ಓಣಿಯ ಒಂದು ತುಂಡು ಪೈಪು ಬೆಳಗಾವಿ ದಾಟಿ ಗೋವೆಯ ಸಮುದ್ರ ಮುಟ್ಟುವಷ್ಟು ಉದ್ದವಾಗಿತ್ತು. ಕಾರ್ಡು ಬದಲಿಸಿದೆವು. ಎರಡನೆಯ ಸಲ ಅಂಕಿಗಳು ಶಿಸ್ತಾಗಿ ಬಂದವು.

ಆದರೆ ಅದನ್ನು ಓದಿ ನಾನು ಕುರ್ಚಿಯಿಂದ ಎದ್ದೇ ನಿಂತೆ. ಯಂತ್ರದ ಪ್ರಕಾರ ಹೆರಿಗೆ ಆಸ್ಪತ್ರೆಗೆ ಧಾರಾಳ ನೀರು ಹೋಗುತ್ತಿತ್ತು! ಮಾಳಿಗೆಯ ಮೇಲೆ ನಳ ಇಟ್ಟರೂ ಬರುವಷ್ಟು ಒತ್ತಡ ಇತ್ತು!

“ಸರ್, ಅಲ್ಲಿ ಬಕೆಟ್ಟು ಒಣಗಿ ನಿಂತಿದೆ,” ಎಂದೆ.

ಗುರುಗಳು ಕನ್ನಡಕ ಒರೆಸಿಕೊಂಡರು. “ನೋಡಪ್ಪಾ, ನೀನು ಹೇಳಿದ ಊರಿನಲ್ಲಿ ನೀರು ಬರುತ್ತೆ. ನಿಜವಾದ ಊರಿನಲ್ಲಿ ಬರಲ್ಲ. ಅಂದರೆ ಆ ಊರಿನಲ್ಲಿರೋ ಯಾವುದೋ ಒಂದನ್ನ ನೀನು ಈ ಯಂತ್ರಕ್ಕೆ ಹೇಳಿಲ್ಲ.”

ಕಳೆದುಹೋದ ನೀರನ್ನು ಎಲ್ಲ ಗಂಟುಗಳಿಗೆ ಸಮನಾಗಿ ಹಂಚಿ ಲೆಕ್ಕ ಹಾಕಿಸಿದೆವು, ಓವರಸೀಯರು ಹೇಳಿದ ‘ಜಾಯಿಂಟಿಗೊಂದು ಕಣ್ಣೀರಿ’ನ ಹಾಗೆ. ನಾವು ಗೇಜಿನಲ್ಲಿ ಕಂಡ ಒತ್ತಡಕ್ಕೆ ಅದು ಹೊಂದಲಿಲ್ಲ. ಆಮೇಲೆ ಆ ನೀರನ್ನೆಲ್ಲ ಒಂದೇ ಗಂಟಿಗೆ ಸುರಿದು ನೋಡಿದೆವು; ಹೊಂದದಿದ್ದರೆ ಪಕ್ಕದ ಗಂಟಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಹೀಗೆ ಸರಿಸುತ್ತ ಸರಿಸುತ್ತ ಹಳೇ ಪೇಟೆಯ ತಿರುವಿನ ಗಂಟಿಗೆ ಬಂದಾಗ, ಕಾಗದದ ಮೇಲಿನ ಅಂಕಿ ಮತ್ತು ನಮ್ಮ ಗೇಜಿನ ಅಂಕಿ ಒಂದರ ಮೇಲೊಂದು ಕೂತವು. ಆಸ್ಪತ್ರೆಯಲ್ಲಿ ಸೊನ್ನೆ. ಗೇಜಿನಲ್ಲಿ ಸೊನ್ನೆ, ಕಾಗದದಲ್ಲೂ ಸೊನ್ನೆ.

ಹತ್ತಾರು ಕಡೆ ಹನಿಹನಿಯಾಗಿ ಅಲ್ಲ, ಒಂದೇ ಜಾಗದಲ್ಲಿ ಊರಿನ ಅರ್ಧಕ್ಕೂ ಮಿಕ್ಕ ನೀರು ನೆಲಕ್ಕೆ ಇಳಿಯುತ್ತಿದೆ ಎಂದು ಯಂತ್ರ ಹೇಳುತ್ತಿತ್ತು. ಆ ತಿರುವಿನಲ್ಲಿ ನಾನು ಎಷ್ಟೋ ಸಲ ನಿಂತು ಚಹಾ ಕುಡಿದಿದ್ದೆ. ಅಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಊರಿಗೆ ಬಂದು ಹೇಳಿದಾಗ ಓವರಸೀಯರು ಎಲೆಯಡಿಕೆ ಉಗುಳಿ ಬಂದು ನಕ್ಕರು. “ಅಷ್ಟು ನೀರು ಅಲ್ಲಿ ಸೋರಿದ್ರ ಪ್ಯಾಟ್ಯಾಗ ಕಿರಾಣಿ ತಗೊಳ್ಳಾಕ ದೋಣಿ ಹತ್ತಿ ಹೋಗಬೇಕಾಗತಿತ್ತಲ್ರಿ!”

ಅಗೆಸಿದೆವು. ನಕ್ಷೆಯಲ್ಲಿ ಪೈಪು ರಸ್ತೆಯ ನಡುವೆ ಇತ್ತು, ನಡುವೆ ಅಗೆದೆವು. ಕುಂಟೆ ಹೊಡೆದ ಹೊಲದಂಥ ಒಣಮಣ್ಣು ಬಂತು, ಪೈಪು ಸಿಗಲಿಲ್ಲ. ಇನ್ನಷ್ಟು ಮುಂದೆ ಅಗೆದೆವು. ಮತ್ತೆ ಒಣಮಣ್ಣು. ಅಂಗಡಿಯವರು ಹೊರಗೆ ಬಂದು ನಿಂತರು. ಬಳೆ ಅಂಗಡಿಯವನಂತೂ, “ಏನ್ ಕಳಕೊಂಡೀರಿ ಹೇಳ್ರಿ, ನಾವೂ ಹುಡಕತೇವಿ,” ಎಂದ. ಸುದ್ದಿ ಬೆಳಗಾವಿಯ ನಮ್ಮ ಕಚೇರಿಗೂ ಮುಟ್ಟಿತು. ದೊಡ್ಡ ಸಾಹೇಬರು ಫೋನಿನಲ್ಲಿ ಗುಡುಗಿದರು: “ಇನ್ನೊಂದು ತಗ್ಗು ತೋಡಿದ್ರ ಅದರಾಗ ನಿಮ್ಮನ್ನ ಹೂಳತೇನಿ. ನಿಮ್ಮ ಯಂತ್ರಕ್ಕ ನೀರು ಅಂದ್ರ ಏನಂತ ಗೊತ್ತೈತೇನ್ರಿ?”

ಮರುದಿನ ಮುಂಜಾನೆ ತಗ್ಗು ಮುಚ್ಚಿಸುತ್ತ, ತಿರುವಿನ ಒಂದು ಮಗ್ಗುಲಿಗಿದ್ದ ಬೇವಿನ ಮರದ ನೆರಳಿಗೆ ಹೋಗಿ ನಿಂತೆ. ಮರದ ಬುಡಕ್ಕೆ ಹೊಂದಿ ಕಲ್ಲುಚಪ್ಪಡಿ ಹಾಸಿದ ಅಗಲವಾದ ಕಟ್ಟೆ. ಅದರ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಊರಿಗೆಲ್ಲ ಅವಳು ಆಯಿ. ಒಂದು ಕಾಲಕ್ಕೆ ಸೂಲಗಿತ್ತಿ. ನಮ್ಮ ಓವರಸೀಯರನ್ನೂ ಈ ಲೋಕಕ್ಕೆ ಎಳೆದು ತಂದವಳು ಅವಳೇ ಅಂತೆ. ಆಸ್ಪತ್ರೆ ಬಂದ ಮೇಲೆ, “ಅಲ್ಲಿಗೇ ಹೋಗ್ರಿ, ನನ್ನ ಕಣ್ಣು ಕಾಣವಲ್ಲವು,” ಎಂದು ಬಸುರಿಯರನ್ನು ತಾನೇ ಸಿಸ್ಟರ ಕಡೆ ಕಳಿಸುತ್ತಿದ್ದಳು.

ಅಷ್ಟರಲ್ಲಿ ತಲೆಗೆ ಸೆರಗು ಬಿಗಿದ ಒಬ್ಬ ಬಾಣಂತಿ, ಜೊತೆಗೆ ನಾಲ್ಕಾರು ಮುತ್ತೈದೆಯರು, ತಾಮ್ರದ ಕೊಡ, ಅರಿಸಿನ ಕುಂಕುಮ, ಎಲೆ, ಗುಗ್ಗರಿ ಹಿಡಿದು ಬಂದರು. ಗಂಗಿ ಪೂಜಿ. ನಮ್ಮ ಕಡೆ ಹಡೆದ ಹೆಣ್ಣುಮಗಳು ಹೊರಗೆ ಕಾಲಿಟ್ಟಾಗ ಮೊದಲು ಬಾವಿಗೆ ಹೋಗಿ ಗಂಗವ್ವನಿಗೆ ಪೂಜೆ ಮಾಡಬೇಕು. ಆದರೆ ಇಲ್ಲಿ ಬಾವಿ ಎಲ್ಲಿ?

ಆಯಿ ಚಪ್ಪಡಿಯೊಂದರ ಅಂಗೈಯಗಲದ ಕಿಂಡಿಯನ್ನು ತೋರಿಸಿದಳು. “ಕಿವಿ ಹಚ್ಚ ಯವ್ವಾ. ಮಾತಾಡಾಕತ್ತಾಳ.” ಬಾಣಂತಿ ಬಗ್ಗಿ ಕಿವಿ ಇಟ್ಟಳು. ಮುಖ ಅರಳಿತು. ಕೈ ಮುಗಿದಳು.

“ಆಯೀ, ಯಾರು ಮಾತಾಡಾಕತ್ತಾರ?” ಎಂದೆ.

“ಗಂಗವ್ವ. ಇದು ನಮ್ಮ ಅಜ್ಜನ ಕಾಲದ ಬಾವಿ, ತಮ್ಮಾ. ನೀರು ಬತ್ತಿತು. ಬಾವಿ ಹೂಳಬಾರದಲ್ಲ, ಪಾಪ ಬರತೈತಿ, ಅದಕ್ಕ ಮ್ಯಾಲ ಕಲ್ಲು ಹಾಸಿ, ಉಸಿರಾಡಲಿ ಅಂತ ಕಿಂಡಿ ಬಿಟ್ಟಾರ. ಎಷ್ಟೋ ವರ್ಸ ಸುಮ್ಮನಿದ್ಲು. ಈಗ ಎರಡ ವರ್ಸಾತು, ತಿರುಗಿ ಬಂದಾಳ. ಮುಂಜಾನಿ ಅಷ್ಟ ಮಾತಾಡ್ತಾಳ. ಬಿಸಲೇರಿದ ಮ್ಯಾಲ ಮಲಗತಾಳ.”

ಮುಂಜಾನೆ ಮಾತ್ರ. ಟಾಕಿಯಿಂದ ನೀರು ಬಿಡುವ ಹೊತ್ತು. ಹೆಣ್ಣುಮಕ್ಕಳು ಹೋದ ಮೇಲೆ ಮೊಣಕಾಲೂರಿ ಕಿಂಡಿಗೆ ಕಿವಿ ಇಟ್ಟೆ. ಮಾತು ಅಲ್ಲ ಅದು. ಕಾಲಡಿಗೆ ಒಂದು ಜಲಪಾತವೇ ಭೋರ್ಗರೆಯುತ್ತಿತ್ತು.

ಓವರಸೀಯರನ್ನು ಕರೆದು, ತಿರುವಿಗೆ ಮುಂಚಿನ ವಾಲ್ವು ಬಂದ್ ಮಾಡಲು ಹೇಳಿದೆ. ನಾನು ಕಿವಿ ತೆಗೆಯಲಿಲ್ಲ. ಸದ್ದು ಸಣ್ಣಗಾಯಿತು, ಹನಿಯಾಯಿತು, ನಿಂತಿತು. ಸನ್ನೆ ಮಾಡಿದೆ, ಅವರು ವಾಲ್ವು ತೆಗೆದರು. ಮತ್ತೆ ಭೋರ್ಗರೆತ. ಓವರಸೀಯರು ಓಡಿ ಬಂದು ತಾವೂ ಕಿವಿ ಇಟ್ಟು ಕೇಳಿದರು.

“ಬಾವಿ ಐತಿ ಅಂತ ಗೊತ್ತಿತ್ತರಿ. ಪೈಪು ಅದರ ಮ್ಯಾಲ ಹೋಗೇತಿ ಅಂತ ಯಾರಿಗೆ ಗೊತ್ತರಿ?” ಎಂದವರು ತಡೆದು, “ನನ್ನ ಮಗಳೂ ಹ್ವಾದ ತಿಂಗಳ ಇಲ್ಲೇ ಪೂಜಿ ಮಾಡಿ ಗಂಡನ ಮನಿಗೆ ಹೋದ್ಳರಿ,” ಎಂದರು.

ಆಸ್ಪತ್ರೆಗೆ ಹೋಗಬೇಕಾದ ನೀರು ಇಲ್ಲಿ ಬೀಳುತ್ತಿತ್ತು. ಆ ಆಸ್ಪತ್ರೆಯಲ್ಲಿ ಹಡೆದವರೇ ಇಲ್ಲಿಗೆ ಬಂದು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು.

ಬಾವಿ ತುಂಬಿ ಮೇಲೆ ಬರಲಿಲ್ಲವೇಕೆ ಎಂದು ನೀವು ಕೇಳಬಹುದು. ಆಮೇಲೆ ನೋಡಿದೆವು, ಒಂದು ಕಡೆಯ ಕಲ್ಲು ಜರಿದು, ನೀರು ಬಂಡೆಯ ಬಿರುಕು ಹಿಡಿದು ಊರ ಕೆಳಗಿನ ಹಳ್ಳಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಹಳ್ಳ ಹಸಿ ಇರುತ್ತದೆಂದು ಊರಿಗೆ ಖುಷಿ. ಅದೂ ಗಂಗವ್ವನ ಲೆಕ್ಕಕ್ಕೇ.

ಚಪ್ಪಡಿ ಎಬ್ಬಿಸಲು ಆಳುಗಳನ್ನು ಕರೆದರೆ, ಅವರು ಹಾರೆ ಕೆಳಗಿಟ್ಟು ಕೈ ಕಟ್ಟಿ ನಿಂತರು. ಹಿರಿಯ ಆಳೊಬ್ಬ ಹೇಳಿದ: “ಮನ್ಯಾಗ ಮೂರು ಮಕ್ಕಳು ಅದಾವ್ರಿ. ಬ್ಯಾರೆ ಕೆಲಸ ಏನರ ಹೇಳ್ರಿ.” ಓವರಸೀಯರು ಹಾರೆಯ ಕಡೆ ನೋಡಲೂ ಇಲ್ಲ. ಜನ ಕೂಡಿದರು. ಆಯಿ ಕಟ್ಟೆಯ ನಡುವೆ ಕಾಲು ಚಾಚಿ ಕೂತು, “ಹೆಣ್ಣಮಗಳ ಮನಿ ಬಾಗಲ ಗಂಡಸರು ಒಡಿಯಾಕ ಬಂದೀರೇನ? ನಾನು ಇಲ್ಲೇ ಅದೇನಿ, ನನ್ನ ಮ್ಯಾಲ ಹೊಡೀರಿ,” ಎಂದಳು.

ಬೆಳಗಾವಿಗೆ ಫೋನು ಮಾಡಿದೆ. ಸೋರಿಕೆ ಸಿಕ್ಕಿತೆಂದು ಕೇಳಿ ದೊಡ್ಡ ಸಾಹೇಬರ ದನಿಯೇ ಬದಲಾಯಿತು. “ಶಾಬ್ಬಾಸ್! ಪೊಲೀಸರನ್ನ ಕರಕೊಂಡು ಹೋಗಿ ಎಬ್ಬಸ್ರಿ. ನಾ ಮಾತಾಡತೇನಿ.”

ಪೊಲೀಸರ ಮುಂದೆ ಕಲ್ಲು ಏಳುತ್ತಿತ್ತು, ಸಂಶಯವಿಲ್ಲ. ಇಲ್ಲವೆಂದರೆ, ಜನರ ಎದುರಿಗೆ ವಾಲ್ವು ತಿರುಗಿಸಿ, ನೋಡಿರಿ ನಿಮ್ಮ ಗಂಗವ್ವ ನನ್ನ ಕೈಯಲ್ಲಿದ್ದಾಳೆ ಎಂದು ತೋರಿಸಬಹುದಿತ್ತು. ಬಳೆ ಅಂಗಡಿಯವನಿಗೆ ಕೊಡಬೇಕಾಗಿದ್ದ ಉತ್ತರಕ್ಕೆ ಅದು ಲಾಯಕ್ಕಾಗಿತ್ತು. ಆದರೆ ಆ ಬಾಣಂತಿ ಕಿಂಡಿಯಿಂದ ತಲೆ ಎತ್ತಿದಾಗಿನ ಮುಖ ನನ್ನ ಕಣ್ಣಿಂದ ಹೋಗಲೊಲ್ಲದಾಗಿತ್ತು. ನಾನು ಎರಡೂ ಬೇಡವೆಂದೆ. ಸಂಜೆಯ ಮುಂದೆ ಸಿಸ್ಟರನ್ನು ಕರೆದುಕೊಂಡು ಆಯಿಯ ಮನೆಗೆ ನಡೆದೆ.

“ಬ್ಯಾಡ್ರಿ,” ಎಂದು ಓವರಸೀಯರು ದಾರಿಯುದ್ದಕ್ಕೂ ಅಂಗಲಾಚಿದರು. “ಹೇಳಿದ್ರ ಎದಿ ಒಡಕೊಂಡು ಸಾಯ್ತಾಳ ಆಯಿ.”

ಆಯಿ ಸಿಸ್ಟರನ್ನು ನೋಡಿದೊಡನೆ ಚಾಪೆ ಹಾಸಿದಳು. ನನಗೆ ಬರೀ ನೆಲ ತೋರಿಸಿದಳು. ನಾನು ಸುತ್ತು ಬಳಸದೆ ಹೇಳಿದೆ: ಟಾಕಿಯಿಂದ ಪೈಪು ಬರುತ್ತದೆ, ಬಾವಿಯ ಮೇಲೆ ಹಾಯುತ್ತದೆ, ಅಲ್ಲಿ ಬಿಚ್ಚಿಕೊಂಡಿದೆ, ನಾವು ಮುಂಜಾನೆ ನೀರು ಬಿಟ್ಟಾಗ ಅದು ಬಾವಿಗೆ ಬೀಳುತ್ತದೆ.

“ಆ ನೀರು ಎಲ್ಲಿಗೆ ಹೋಗಬೇಕಿತ್ತು?” ಎಂದಳು ಆಯಿ.

ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರು, “ನನ್ನ ಕಡೆ, ಆಯೀ. ವಾರ್ಡಿಗೆ,” ಎಂದರು. “ಬಸ್ಸಿನ್ಯಾಗ ಹಡದಾಕಿ… ಅಕಿನ್ನ ನೀನ ನನ್ನ ಕಡೆ ಕಳಿಸಿದ್ದಿಯಲ್ಲ.”

ಮುದುಕಿಯ ಕೈ ತನ್ನ ಕೊರಳ ಮೇಲೆ ಹೋಯಿತು. ನನಗೆ ಓವರಸೀಯರ ಮಾತು ನೆನಪಾಯಿತು. ಅವಳು ಅಳಲಿಲ್ಲ. ಗೋಡೆ ನೋಡುತ್ತ, ತನ್ನಷ್ಟಕ್ಕೇ ಎಂಬಂತೆ ಹೇಳಿದಳು:

“ಬಾಣಂತ್ಯಾರ ಬಾಯಾಗಿನ ನೀರು ತಗೊಂಡು, ಬಾಣಂತ್ಯಾರ ಕೈಲಿಂದನ ಪೂಜಿ ಮಾಡಿಸಿಕೊಂಡ್ಳು. ನಾನು ಮುಂದ ಕುಂತು ಮಾಡಿಸಿದೆ.”

ಆಯಿ ಸೀರೆ ಜಾಡಿಸಿ ಎದ್ದಳು. “ನಾಳಿಗೆ ಕಲ್ಲು ತಗೀರಿ. ಆದರ ಮದ್ಲ ಅಕಿನ್ನ ಹೊರಗ ಕರಕೋಬೇಕು. ದಾರಿ ತಪ್ಪಿ ಬಂದಾಳ, ಬೈದು ಕಳಸಾಂಗಿಲ್ಲ. ಹೋಗಬೇಕಾದ ಮನೀಗೆ ನಾವ ಮುಟ್ಟಿಸೂಣು.”

ಮರುದಿನ ಮುಂಜಾನೆ ಕಟ್ಟೆಯ ಸುತ್ತ ಹೆಣ್ಣುಮಕ್ಕಳೇ ಹೆಣ್ಣುಮಕ್ಕಳು. ಕಿಂಡಿಯೊಳಗೆ ಹಗ್ಗ ಕಟ್ಟಿದ ಸಣ್ಣ ತಂಬಿಗೆ ಇಳಿಸಿ ಬಾವಿಯ ನೀರು ಸೇದಿ, ತಾಮ್ರದ ಕೊಡ ತುಂಬಿ, ಎಲೆ ಇಟ್ಟು, ಹಾಡುತ್ತ ಎತ್ತರದ ಓಣಿಯ ಆಸ್ಪತ್ರೆಗೆ ಹೊರಟರು. ಮುಂದೆ ಆಯಿ. ಅವರು ತಿರುವು ದಾಟಿದ ಮೇಲೆ ಆಳುಗಳು ತಾವಾಗಿ ಹಾರೆ ಎತ್ತಿಕೊಂಡರು.

ಚಪ್ಪಡಿ ಎದ್ದಾಗ ಒಳಗಿನದು ಕಂಡಿತು. ಬೀಡಿನ ಪೈಪು ಬಾವಿಯ ಬಾಯಿಗೆ ಅಡ್ಡಲಾಗಿ, ಅತ್ತ ಒಂದು ಇತ್ತ ಒಂದು ಕಲ್ಲಿನ ಮೇಲೆ ತೊಲೆಯ ಹಾಗೆ ಕೂತಿತ್ತು. ಒಂದು ಕಲ್ಲು ಕುಸಿದು, ಪೈಪು ವಾಲಿ, ಜಾಯಿಂಟಿನ ಸೀಸ ಕಿತ್ತು ಬಂದು, ಮುಷ್ಟಿ ತೂರುವಷ್ಟು ಬಾಯಿ ಬಿಟ್ಟಿತ್ತು. ಬಹುಶಃ ರಸ್ತೆಯ ನಡುವೆ ಬಂಡೆ ಸಿಕ್ಕಿತ್ತೇನೋ, ಹಿಂದಿನವರು ಪೈಪನ್ನು ಇತ್ತ ತಿರುಗಿಸಿದ್ದರು. ನಕ್ಷೆ ತಿದ್ದಿರಲಿಲ್ಲ. ಬಾವಿ ಹೂಳಿ, ಗಟ್ಟಿ ನೆಲದ ಮೇಲೆ ಪೈಪು ಹಾಯಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ. ಆದರೆ ಹೂಳುವ ಧೈರ್ಯ ಅವರಿಗೂ ಆಗಿರಲಿಲ್ಲ. ಪೈಪಿನ ಸುತ್ತ ತಂತಿಯಲ್ಲಿ ಪೋಣಿಸಿ ಕಟ್ಟಿದ ಹಸಿರು ಗಾಜಿನ ಬಳೆಗಳಿದ್ದವು. ಗಂಗವ್ವನ ತಲೆಯ ಮೇಲೆ ಕಬ್ಬಿಣ ಹಾಯಿಸಿದ್ದಕ್ಕೆ ಅವರು ಸಲ್ಲಿಸಿದ್ದ ತಪ್ಪುಕಾಣಿಕೆ. ಓವರಸೀಯರು ಅವನ್ನು ಒಂದೂ ಒಡೆಯದ ಹಾಗೆ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿಕೊಂಡರು.

ಪೈಪನ್ನು ಬಾವಿಯಿಂದ ಬಳಸಿ ಹಾಕಬೇಕು. ಉಗ್ರಾಣದಲ್ಲಿ ಇದ್ದದ್ದು ಸ್ವಲ್ಪ ಸಣ್ಣ ಪೈಪು. ಗುರುಗಳಿಗೆ ಟ್ರಂಕ್ ಕಾಲ್ ಮಾಡಿದೆ. ಒಂದೇ ಕಾರ್ಡು ಬದಲಿಸಿ ಅವರು ತಿರುಗಿ ಲೆಕ್ಕ ಹಾಕಿಸಿದರು: ಸಾಕು, ಆದರೆ ಈಗ ಕೆಳಗಿನ ಓಣಿಯಲ್ಲಿ ಒತ್ತಡ ಒಮ್ಮೆಲೇ ಏರುತ್ತದೆ, ಹಳೇ ಜಾಯಿಂಟುಗಳು ತಡೆಯಲಿಕ್ಕಿಲ್ಲ, ಅಲ್ಲಿನ ವಾಲ್ವನ್ನು ಅರ್ಧ ಬಿಗಿ. ಬಿಗಿದೆವು. ಆದರೂ ನೀರು ಬಿಟ್ಟ ದಿನ ಕೆಳಗಿನ ಓಣಿಯ ಮಟನ್ ಅಂಗಡಿಯ ಮುಂದೆ ಒಂದು ಕಾರಂಜಿ ಎದ್ದೇಬಿಟ್ಟಿತು. ಓವರಸೀಯರು ನೆನೆದ ಕೋಳಿಯ ಹಾಗೆ ಬಂದು, “ಇದೂ ನಿಮ್ಮ ಇಸ್ಪೇಟಿನ್ಯಾಗ ಇತ್ತೇನ್ರಿ?” ಎಂದರು. “ಇತ್ತು,” ಎಂದೆ. ಆವತ್ತು ಅವರು ನಗಲಿಲ್ಲ. ಆ ತೂತಿನ ಕಾರ್ಡನ್ನು ಕೇಳಿ ಇಸಕೊಂಡು ತಮ್ಮ ಕಿಸೆಯಲ್ಲಿ ಇಟ್ಟುಕೊಂಡರು.

ಮಳೆಗಾಲಕ್ಕೆ ಮುಂಚೆ ಜಿಲ್ಲೆಯ ದೊಡ್ಡ ಡಾಕ್ಟರು ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ನೇರವಾಗಿ ವಾರ್ಡಿನ ಅಂಗಳದ ನಳಕ್ಕೆ ಹೋಗಿ, ಬಾರದ ನೀರಿಗೆ ತಿರುಗಿಸುವ ಹಾಗೆ ಜೋರಾಗಿ ತಿರುಗಿಸಿದರು. ನೀರು ಬಕೆಟ್ಟಿಗೆ ಬಡಿದು ಸಿಡಿದು ಅವರ ಮೊಣಕಾಲಿನ ತನಕ ತೋಯಿಸಿತು. ಹಿಂದೆ ಸರಿದವರ ಕಣ್ಣು ನಳದ ಮೇಲೆ ಬಿತ್ತು. ಅರಿಸಿನ, ಕುಂಕುಮ, ಕುತ್ತಿಗೆಗೆ ಹಳೆಯ ಹಸಿರು ಗಾಜಿನ ಬಳೆಗಳು.

“ಸರಕಾರಿ ದವಾಖಾನ್ಯಾಗ ಇದೇನಿದು? ಯಾರು ಮಾಡಿದ್ದು?”

ಸಿಸ್ಟರು ಕಣ್ಣು ಪಿಳುಕಿಸದೆ ನನ್ನ ಕಡೆ ಕೈ ತೋರಿಸಿದರು. “ನೀರಿನ ಖಾತೇದವರ್ರಿ, ಸರ್.”

ಡಾಕ್ಟರು ನನ್ನನ್ನು ನೋಡಿದರು, ತೊಯ್ದ ಪ್ಯಾಂಟನ್ನು ನೋಡಿಕೊಂಡರು, ತುಂಬಿ ಹೊರಚೆಲ್ಲುತ್ತಿದ್ದ ಬಕೆಟ್ಟನ್ನು ನೋಡಿದರು. “ಇರಲಿ ಬಿಡ್ರಿ,” ಎಂದು ಒಳಗೆ ಹೋದರು. ವಾರ್ಡು ಉಳಿಯಿತು.

ನಾನು ಹೊರಡುವಾಗ ಆಯಿ ಬಂದಳು, ಯಾರದೋ ಮೊಮ್ಮಗಳ ಕೈ ಹಿಡಿದು. ಗಂಗಿ ಪೂಜಿಗೆ ಬಂದ ಆ ಹುಡುಗಿಯ ಕಂಕುಳಲ್ಲಿ ಕೂಸು. ಬೇವಿನ ಕಟ್ಟೆ ಈಗ ಸುಮ್ಮನಿದೆಯಲ್ಲ ಆಯೀ, ಬ್ಯಾಸರೇನು ಎಂದು ಕೇಳಬೇಕೆಂದಿದ್ದೆ. ಆಯಿ ನಳ ತಿರುಗಿಸಲಿಲ್ಲ. ಗೋಡೆಯಗುಂಟ ಮೇಲೇರಿದ ಪೈಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಳು. ಒಳಗೆ ವಾರ್ಡಿನಲ್ಲಿ ಯಾರೋ ನಳ ಬಿಟ್ಟಿರಬೇಕು. ಅವಳ ಸುಕ್ಕು ಮುಖ, ಆವತ್ತು ಕಿಂಡಿಯಿಂದ ತಲೆ ಎತ್ತಿದ್ದ ಆ ಬಾಣಂತಿಯ ಮುಖದ ಹಾಗೆಯೇ ಅರಳಿತು.

“ಬಾ ತಂಗೀ,” ಎಂದು ಹುಡುಗಿಯನ್ನು ಕರೆದಳು, “ಗಂಗವ್ವ ಮನಿ ಮುಟ್ಟ್ಯಾಳ.”